ಲೇಟ್ ಅಂದರೆ ಯಾವ ಲೇಟು?



ಈ ಸಲದ ಸಂಚಿಕೆಗೆ ಒಂದೇ ಒಂದು ಇಂಗ್ಲಿಷ್ ಪದ ತೆಗೆದುಕೊಂಡಿದ್ದೇನೆ. ನಾಲ್ಕೇ ಅಕ್ಷರದ ಪದ, ನಮ್ಮ ಅಜ್ಜಿಯಂದಿರಿಗೂ ಗೊತ್ತಿರುವ ಪದ - ಲೇಟ್. "ಬಸ್ಸು ಲೇಟು", "ಊಟ ಲೇಟು", "ಲೇಟಾಯ್ತು ಕಣೇ, ಬೇಗ ಹೊರಡು". ಬಳಸಿ ಬಳಸಿ ಅದು ಕನ್ನಡದ್ದೇ ಆಗಿಹೋಗಿದೆ. ಇದರಲ್ಲಿ ಕಲಿಯುವುದೇನಿದೆ ಅಂತ ನಿಮಗನ್ನಿಸಬಹುದು. ನಾನು ಇಂಜಿನಿಯರಿಂಗ್ ಓದಿದವನು, ಇಂಗ್ಲಿಷ್ ಮೇಷ್ಟ್ರಲ್ಲ. ಆದರೆ ಈ ಒಂದು ಪದ ನಮ್ಮ ಮನೆಯ ಕಾಗದಪತ್ರಗಳಲ್ಲಿ ಕೂತು ಏನೇನು ಮಾಡಿತು ಅಂತ ನೋಡಿದ ಮೇಲೆ, ಇದರ ಬಗ್ಗೆ ಒಂದಿಷ್ಟು ಓದಿ ತಿಳಿದುಕೊಂಡೆ. ಆ ಕಥೆ ಮುಂದೆ ಬರುತ್ತದೆ. ಮೊದಲು ಪಾಠ.

ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ 'ನಿಧಾನ' ಎಂಬ ಅರ್ಥವಿತ್ತು. ನಿಧಾನ ಮಾಡಿದವನಿಗೆ ತಡವಾಗುವುದು ಸಹಜ ತಾನೆ? ಹಾಗೆ ಅರ್ಥ ಜಾರಿ 'ತಡ' ಆಯಿತು. ಲೇಟರ್, ಲೇಟೆಸ್ಟ್ ಎನ್ನುವುದು ಈಗಿನ ರೂಪಗಳು. ಲ್ಯಾಟರ್, ಲಾಸ್ಟ್ ಎನ್ನುವುದೂ ಇದೇ ಪದದ ಹಳೆಯ ರೂಪಗಳೇ, ಅವು ಬೇರೆ ಮನೆ ಮಾಡಿಕೊಂಡಿವೆ ಅಷ್ಟೆ. ಲೇಟರ್ ಅಂದರೆ ಆಮೇಲೆ, ಲ್ಯಾಟರ್ ಅಂದರೆ ಹೇಳಿದ ಎರಡರಲ್ಲಿ ಎರಡನೆಯದು. ಮಕ್ಕಳ ಸ್ಪೆಲಿಂಗಿನಲ್ಲಿ ಒಂದು 'ಟಿ' ಹೆಚ್ಚಾದರೆ ಅರ್ಥವೇ ಬದಲಾಗುವುದು ಇಲ್ಲಿಯೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ವಿಶೇಷಣ ವಾಕ್ಯದಲ್ಲಿ ಎಲ್ಲಿ ಕೂರುತ್ತದೆ ಎನ್ನುವುದರ ಮೇಲೆ ಅದರ ಅರ್ಥ ನಿಂತಿದೆ. ಈಸ್, ಆರ್, ವಾಸ್ ಇವುಗಳ ನಂತರ ಬಂದರೆ ಒಬ್ಬ ವ್ಯಕ್ತಿಯ ಅಥವಾ ವಾಹನದ ಬಗ್ಗೆ ಅದು ಹೇಳುವುದು ಒಂದೇ ಮಾತು: ತಡವಾಗಿದೆ. "ದ ಫ್ಲೈಟ್ ಈಸ್ ಲೇಟ್" ಅಂದರೆ ವಿಮಾನ ಹೊತ್ತು ಮೀರಿದೆ. ಅದೇ ಪದವನ್ನು ನಾಮಪದದ ಹಿಂದೆ ತಂದಿಡಿ: "ವಿ ಟುಕ್ ಅ ಲೇಟ್ ಫ್ಲೈಟ್". ಈ ವಿಮಾನ ತಡವಾಗಿಲ್ಲ! ಸರಿಯಾದ ಸಮಯಕ್ಕೇ ಹೊರಟಿದೆ, ಆದರೆ ಅದು ಹೊರಡುವ ಸಮಯವೇ ಸರಿರಾತ್ರಿಯ ಹೊತ್ತು. ಬೆಂಗಳೂರಿಗೆ ರಾತ್ರಿ ವಿಮಾನ ಹಿಡಿದು ಹೋಗುವ ನಮಗೆ ಈ ವ್ಯತ್ಯಾಸ ಬೇಕಾಗುತ್ತದೆ. ಆಫೀಸಿನಲ್ಲಿ ಯಾರಾದರೂ "ಐ ಹ್ಯಾವ್ ಅ ಲೇಟ್ ಫ್ಲೈಟ್" ಅಂದರೆ "ಅಯ್ಯೋ, ಎಷ್ಟು ಗಂಟೆ ಡಿಲೇ?" ಅಂತ ಕೇಳಬೇಡಿ.

ಶಾಲೆಯ ಬಸ್ಸೂ ಹಾಗೆಯೇ. "ದ ಬಸ್ ಈಸ್ ಲೇಟ್" ಅಂದರೆ ಸಿ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದೆ. "ದ ಲೇಟ್ ಬಸ್" ಅಂದರೆ ಆಟ, ಸಂಗೀತ ಎಲ್ಲ ಮುಗಿಸಿ ಬರುವ ಮಕ್ಕಳಿಗೆಂದು ಸಂಜೆ ಬಿಡುವ ಎರಡನೇ ಬಸ್ಸು. ಕೆಲವು ಪದಗಳ ಜೊತೆ ಮಾತ್ರ ಈ ನಿಯಮ ಸಡಿಲ. ಲೇಟ್ ಪೇಮೆಂಟ್, ಲೇಟ್ ಅರೈವಲ್ ಎಂದಾಗ ನಾಮಪದದ ಹಿಂದೆ ಇದ್ದರೂ ಅದು ತಡವೇ. ಲೇಟ್ ಫೀ ಅಂತೂ ಬೇಡವೇ ಬೇಡ, ಅದರ ಅರ್ಥ ಯಾರಿಗೂ ವಿವರಿಸಬೇಕಾಗಿಲ್ಲ.

ನಾಮಪದದ ಹಿಂದೆ ಬಂದಾಗ ಇನ್ನೊಂದು ಅರ್ಥವಿದೆ, ಒಂದು ಅವಧಿಯ ಕೊನೆಯ ಭಾಗ. "ಲೇಟ್ ಅಕ್ಟೋಬರ್" ಅಂದರೆ ಅಕ್ಟೋಬರ್ ತಿಂಗಳ ಕೊನೆಯ ವಾರ ಅಥವಾ ಹತ್ತು ದಿನ. "ಹೀ ಈಸ್ ಇನ್ ಹಿಸ್ ಲೇಟ್ ಥರ್ಟೀಸ್" ಅಂದರೆ ಮೂವತ್ತೇಳು, ಮೂವತ್ತೆಂಟು, ಮೂವತ್ತೊಂಬತ್ತು. (ನನ್ನದು ಕೇಳಬೇಡಿ.) ಚರಿತ್ರೆ ಪುಸ್ತಕಗಳಲ್ಲಿ ಕಲ್ಯಾಣದ ಚಾಲುಕ್ಯರನ್ನು 'ಲೇಟರ್ ಚಾಲುಕ್ಯಾಸ್' ಎಂದು ಬರೆದಿರುತ್ತಾರೆ. ಬಾದಾಮಿಯ ಚಾಲುಕ್ಯರ ನಂತರ ಬಂದವರು ಎಂಬ ಅರ್ಥದಲ್ಲಿ. ಅವರು ತಡವಾಗಿ ಬಂದರು ಅಂತಲ್ಲ, ಅವರೆಲ್ಲ ತೀರಿಹೋಗಿದ್ದಾರೆ ಅಂತಲೂ ಅಲ್ಲ. ತೀರಿಹೋಗಿರುವುದು ನಿಜವೇ, ಆದರೆ ಆ ಪದ ಅದನ್ನು ಹೇಳುತ್ತಿಲ್ಲ.

ತೀರಿಹೋದವರ ವಿಷಯ ಬಂತಲ್ಲ, ನಾವು ಕನ್ನಡಿಗರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಕನ್ನಡದಲ್ಲಿ 'ದಿವಂಗತ' ಎನ್ನುತ್ತೇವೆ. ದಿವಂ ಗತ, ಸ್ವರ್ಗಕ್ಕೆ ಹೋದವರು ಎಂದು ಸಂಸ್ಕೃತದ ಅರ್ಥ. ನಮ್ಮಲ್ಲಿ "ದಿವಂಗತ ರಾಮಯ್ಯನವರು" ಎಂದೂ ಹೇಳಬಹುದು, "ರಾಮಯ್ಯನವರು ದಿವಂಗತರಾದರು" ಎಂದೂ ಹೇಳಬಹುದು. ಹೆಸರಿನ ಹಿಂದೆಯೂ ಸರಿ, ಮುಂದೆಯೂ ಸರಿ. ಇದೇ ಅಭ್ಯಾಸದಲ್ಲಿ ಇಂಗ್ಲಿಷಿಗೆ ಹೋಗಿ "ಮೈ ಫಾದರ್ ಈಸ್ ಲೇಟ್" ಅಂದುಬಿಡುತ್ತೇವೆ. ಕೇಳಿದವರು ಗಡಿಯಾರ ನೋಡಿಕೊಂಡು "ಪರವಾಗಿಲ್ಲ, ಕಾಯೋಣ" ಅನ್ನುತ್ತಾರೆ. ಯಾಕೆಂದರೆ ಮೇಲೆ ಹೇಳಿದ ನಿಯಮ: ಈಸ್ ಆದ ಮೇಲೆ ಬಂದರೆ ಅದು ಬರೀ ತಡ. ಮರಣದ ಅರ್ಥ ಬೇಕಾದರೆ ನಾಮಪದದ ಹಿಂದೆಯೇ ಇರಬೇಕು, ಅದೂ ಒಂಟಿಯಾಗಿ ಅಲ್ಲ, 'ದ' ಅಥವಾ 'ಮೈ', 'ಹರ್', 'ದೇರ್' ಇಂಥದ್ದೊಂದು ಜೊತೆಗಿರಬೇಕು. "ಮೈ ಲೇಟ್ ಫಾದರ್ ವಾಸ್ ಅ ಟೀಚರ್" ಸರಿ. "ದ ಲೇಟ್ ಮಿಸ್ಟರ್ ರಾಮಯ್ಯ" ಸರಿ. ನಮ್ಮ ಲಗ್ನಪತ್ರಿಕೆಗಳಲ್ಲಿ ಬರುವ "ಸನ್ ಆಫ್ ಲೇಟ್ ಶ್ರೀ ರಾಮಯ್ಯ" ಭಾರತದ ಇಂಗ್ಲಿಷಿನಲ್ಲಿ ನಡೆದುಬಿಟ್ಟಿದೆ, ಆದರೆ ಹೊರಗಿನವರ ಕಿವಿಗೆ 'ದ' ಇಲ್ಲದೆ ಅದು ಬೋಳು.

ಇದಕ್ಕೊಂದು ಅಪವಾದವನ್ನೂ ಹೇಳಬೇಕು. ಬೋಟ್ಸ್ವಾನಾ ಮತ್ತು ದಕ್ಷಿಣ ಆಫ್ರಿಕಾ ಕಡೆಯವರ ಇಂಗ್ಲಿಷಿನಲ್ಲಿ "ಶಿ ಈಸ್ ಲೇಟ್" ಎಂದರೆ ಆಕೆ ತೀರಿಕೊಂಡಿದ್ದಾರೆ ಎಂದೇ ಅರ್ಥ. ಅಲ್ಲಿಯವರು ಅದನ್ನು ಸಹಜವಾಗಿ ಬಳಸುತ್ತಾರೆ. ದೋಹಾದಲ್ಲಿ ಎಲ್ಲ ದೇಶದವರೂ ಇರುವುದರಿಂದ ಇದು ಗೊತ್ತಿದ್ದರೆ ಒಳ್ಳೆಯದು. ಯಾರಾದರೂ ತಗ್ಗಿದ ದನಿಯಲ್ಲಿ "ಮೈ ಮದರ್ ಈಸ್ ಲೇಟ್" ಎಂದರೆ ನಾವು ನಗದೆ ಇದ್ದರೆ ಸಾಕು.

"ಮೈ ಫಾದರ್ ಎಕ್ಸ್‌ಪೈರ್ಡ್" ಎನ್ನುವುದೂ ನಮ್ಮವರ ರೂಢಿ. ಊರಿನಲ್ಲಿ ನಡೆಯುತ್ತದೆ. ಇಲ್ಲಿ ಎಕ್ಸ್‌ಪೈರ್ ಆಗುವುದು ಕ್ಯೂಐಡಿ, ಇಸ್ತಿಮಾರಾ, ಫ್ರಿಜ್ಜಿನಲ್ಲಿರುವ ಲಬಾನ್. ಮನುಷ್ಯರಿಗೆ "ಹೀ ಡೈಡ್ ಇನ್ 2019" ಅಥವಾ ಸ್ವಲ್ಪ ಮೃದುವಾಗಿ "ಹೀ ಪಾಸ್ಡ್ ಅವೇ" ಅಂದರೆ ಸಾಕು. ಇಂಗ್ಲಿಷಿನಲ್ಲಿ 'ಡೈಡ್' ಅನ್ನುವುದು ಒರಟು ಮಾತಲ್ಲ. ಕನ್ನಡದಲ್ಲಿ 'ಸತ್ತರು' ಅನ್ನಲು ನಮಗೆ ನಾಲಿಗೆ ಹೊರಳುವುದಿಲ್ಲ. ತೀರಿಕೊಂಡರು, ಹೋಗಿಬಿಟ್ಟರು, ದೈವಾಧೀನರಾದರು, ಲಿಂಗೈಕ್ಯರಾದರು ಎಂದೆಲ್ಲ ಸುತ್ತಿ ಹೇಳುತ್ತೇವೆ. ಆ ಸಂಕೋಚವೇ ಇಂಗ್ಲಿಷಿಗೂ ಬಂದು 'ಎಕ್ಸ್‌ಪೈರ್ಡ್' ಆಗಿ ಕೂತಿದೆ ಅಂತ ನನ್ನ ಊಹೆ.

ನಮ್ಮ ಮುಸ್ಲಿಂ ಬಂಧುಗಳು ಹೆಸರಿನ ಹಿಂದೆ 'ಮರ್ಹೂಂ' ಎಂದು ಸೇರಿಸುವುದನ್ನು ಊರಿನಲ್ಲಿ ಕೇಳಿರುತ್ತೀರಿ. ಇಲ್ಲಿನ ಅರಬ್ಬಿಯಲ್ಲೂ ಅದೇ ಪದ. ದಯೆಗೆ ಪಾತ್ರನಾದವನು ಎಂದು ಅರ್ಥ. ಮಂಗಳೂರಿನಿಂದ ದೋಹಾದವರೆಗೆ ಬದಲಾಗದೆ ಬಂದ ಪದಗಳಲ್ಲಿ ಇದೂ ಒಂದು.

ಈಗ ನಮ್ಮ ಮನೆಯ ಕಥೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಪ್ಪ ಹೋದರು. ಹೈಸ್ಕೂಲಿನ ದಾಖಲಾತಿಯಲ್ಲಿ ಯಾರೋ ಗೌರವಕ್ಕಾಗಿ, ತಂದೆಯ ಹೆಸರಿನ ಕಾಲಂನಲ್ಲಿ, ಅಪ್ಪನ ಹೆಸರಿನ ಹಿಂದೆ 'ಲೇಟ್' ಸೇರಿಸಿದರು. ಬರೆದವರಿಗೆ ಕೆಟ್ಟ ಉದ್ದೇಶ ಖಂಡಿತ ಇರಲಿಲ್ಲ. ಅದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂತು. ಅಂಕಪಟ್ಟಿ ನೋಡಿ ಏಜೆಂಟ್ ಒಬ್ಬರು ಪಾಸ್‌ಪೋರ್ಟ್ ಅರ್ಜಿ ತುಂಬಿದರು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅಪ್ಪನ ಹೆಸರು 'ಲೇಟ್' ಎಂದು ಶುರುವಾಯಿತು. ಮನೆಯಲ್ಲಿ ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ, ಅಪ್ಪ ಇಲ್ಲ ಎನ್ನುವುದು ನಿಜ ತಾನೆ?

ವರ್ಷಗಳಾದ ಮೇಲೆ, ನನ್ನ ಹೆಂಡತಿಗೆ ಏಳನೇ ತಿಂಗಳು. ಬಾಣಂತನಕ್ಕೆ ಅಮ್ಮನನ್ನು ಕರೆಸಬೇಕು. ಅತ್ತೆಗೆ ಮಂಡಿನೋವು, ಬರುವ ಹಾಗಿರಲಿಲ್ಲ. ಮುಂತಜಾದಲ್ಲಿರುವ ನಮ್ಮ ಎರಡು ರೂಮಿನ ಫ್ಲ್ಯಾಟಿಗೆ ಅಮ್ಮ ಬರುತ್ತಾರೆಂದು ಒಂದು ರೂಮು ಖಾಲಿ ಮಾಡಿ, ಮಂಚ ಹಾಕಿ ಆಗಿತ್ತು. ಕಾಗದಪತ್ರ ಕೊಟ್ಟ ಮೇಲೆ ಕರೆದು ಕೇಳಿದರು: ನಿಮ್ಮ ಪಾಸ್‌ಪೋರ್ಟಿನಲ್ಲಿರುವ ತಂದೆಯ ಹೆಸರು ಬೇರೆ, ಇವರ ಪಾಸ್‌ಪೋರ್ಟಿನಲ್ಲಿರುವ ಗಂಡನ ಹೆಸರು ಬೇರೆ, ಇದು ಹೇಗೆ? ಅಮ್ಮನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಹೇಗಿರಬೇಕೋ ಹಾಗೆಯೇ ಇತ್ತು. ನಾನು ವಿವರಿಸಿದೆ. ಎದುರಿಗಿದ್ದವರು ಸಾವಧಾನದಿಂದಲೇ ಕೇಳಿಸಿಕೊಂಡರು. ಕೊನೆಗೆ ಹೇಳಿದ್ದು ಇಷ್ಟೇ: ನೀವು ಹೇಳುವುದು ಅರ್ಥವಾಗುತ್ತದೆ, ಆದರೆ ಕಾಗದದಲ್ಲಿ ಎರಡು ಹೆಸರಿದೆ.

ಅವರ ಮಾತಿನಲ್ಲಿ ತಪ್ಪಿಲ್ಲ ಅಂತ ನನ್ನ ಕೆಲಸವೇ ನನಗೆ ಹೇಳುತ್ತದೆ. ನಾವು ಪ್ರೋಗ್ರಾಂ ಬರೆಯುವವರು. ಹೆಸರಿನ ಕಾಲಂ ಎಂದರೆ ಯಂತ್ರಕ್ಕೆ ಅದು ಅಕ್ಷರಗಳ ಒಂದು ಸಾಲು, ಅಷ್ಟೇ. ಎರಡು ಸಾಲುಗಳನ್ನು ಹೋಲಿಸುವಾಗ ಮೊದಲ ಅಕ್ಷರದಿಂದ ಶುರುಮಾಡುತ್ತದೆ. ಒಂದು ಕಡೆ 'ಎಲ್' ಇದೆ, ಇನ್ನೊಂದು ಕಡೆ ಬೇರೆ ಅಕ್ಷರ, ಮುಗಿಯಿತು, ಹೊಂದುವುದಿಲ್ಲ. ವಿಶೇಷಣ ಯಾವುದು, ಹೆಸರು ಯಾವುದು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಮಿಸ್ಟರ್, ಡಾಕ್ಟರ್ ಮುಂತಾದವುಗಳಿಗೆ ಫಾರಂಗಳಲ್ಲಿ ಬೇರೆ ಕಾಲಂ ಇರುತ್ತದೆ, 'ಲೇಟ್'ಗೆ ಇರುವುದಿಲ್ಲ. ತಂದೆಯ ಹೆಸರುಗಳಿರುವ ನಮ್ಮ ದೇಶದ ಯಾವುದಾದರೂ ದೊಡ್ಡ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ ನೋಡಿ. 'ಎಲ್' ಅಕ್ಷರದ ಹತ್ತಿರ ಬಂದರೆ ಲಕ್ಷ್ಮಣ, ಲಿಂಗಪ್ಪ ಇವರ ಜೊತೆಗೆ 'ಲೇಟ್'ಗಳ ಒಂದು ಗುಂಪು ಕೂತಿರುತ್ತದೆ.

ಇದರ ಮಧ್ಯೆ ಇನ್ನೊಂದು ಸ್ವಾರಸ್ಯ. ಟೈಪಿಂಗ್ ಸೆಂಟರಿನವರು ಅರಬ್ಬಿಯಲ್ಲಿ ಅಪ್ಪನ ಹೆಸರು ಹೊಡೆಯುವಾಗ 'ಲೇಟ್' ಅನ್ನೂ ಹೆಸರೆಂದುಕೊಂಡು ಲಾಮ್, ಯಾ, ತಾ ಎಂದು ಮೂರು ಅಕ್ಷರ ಹೊಡೆದಿದ್ದರು. ನನ್ನ ಜೊತೆ ಕೆಲಸ ಮಾಡುವ ಜೋರ್ಡಾನಿನ ಗೆಳೆಯನಿಗೆ ಆ ಹಾಳೆ ತೋರಿಸಿದೆ. ಅವನು ಮೊದಲು ಇದು 'ಲೈಥ್' ಇರಬೇಕು, ಒಂದು ಚುಕ್ಕಿ ಬಿಟ್ಟುಹೋಗಿದೆ ಅಂದ. ಲೈಥ್ ಅಂದರೆ ಸಿಂಹ, ಅರಬರಲ್ಲಿ ಗಂಡಸರಿಗೆ ಇಡುವ ಹೆಸರು. ಆಮೇಲೆ, ಚುಕ್ಕಿ ಸರಿಯಾಗಿಯೇ ಇದ್ದರೆ ಇದನ್ನು 'ಲೈತ' ಎಂದು ಓದಬೇಕು ಅಂದ. ಅದರ ಅರ್ಥ, "ಹಾಗೊಂದು ಆಗಿದ್ದಿದ್ದರೆ!" ಆಗದೇ ಹೋದದ್ದನ್ನು ನೆನೆದು ಹಂಬಲಿಸುವಾಗ ವಾಕ್ಯದ ಮೊದಲಿಗೆ ಬರುವ ಪದವಂತೆ. ಅವತ್ತು ನಾನು ಸಂಜೆ ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಆ ಟೈಪ್ ಮಾಡಿದೋನಿಗೆ ಏನೂ ಗೊತ್ತಿಲ್ಲದೇ ಸರಿಯಾಗಿ ಬರ್ದಿದಾನೆ ಬಿಡೋ" ಅಂದರು.

ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ, ಅಫಿಡವಿಟ್ ಮಾಡಿಸಿ, ಅಪ್ಪನ ಮರಣ ಪ್ರಮಾಣಪತ್ರ, ಅಮ್ಮನ ಪಾಸ್‌ಪೋರ್ಟಿನ ಪ್ರತಿ ಎಲ್ಲ ಕೊಟ್ಟು ಅಪ್ಪನ ಹೆಸರನ್ನು ಬರೀ ಹೆಸರಾಗಿ ಮಾಡಿಸಿದೆವು. ಅಷ್ಟರಲ್ಲಿ ಮಗಳು ಹುಟ್ಟಿದ್ದಳು. ಅಮ್ಮ ಬಂದಾಗ ಮಗುವಿಗೆ ಇಪ್ಪತ್ತಮೂರು ದಿನ. ಅಲ್ಲಿಯವರೆಗೆ ಮೇಲಿನ ಮಹಡಿಯ ಉಡುಪಿ ಕಡೆಯ ಆಂಟಿ ದಿನಾ ಬೆಳಿಗ್ಗೆ ಬಂದು ಎಣ್ಣೆನೀರು ಹಾಕಿದರು. ಅವರ ಋಣ ದೊಡ್ಡದು.

ಆದ್ದರಿಂದ ದಯವಿಟ್ಟು ಇದೊಂದನ್ನು ಇವತ್ತೇ ನೋಡಿ. ನಿಮ್ಮ ಪಾಸ್‌ಪೋರ್ಟಿನ ಕೊನೆಯ ಪುಟ, ಮಕ್ಕಳ ಜನನ ಪ್ರಮಾಣಪತ್ರ, ಮದುವೆಯ ನೋಂದಣಿ ಪತ್ರ ಇವುಗಳಲ್ಲಿ ಯಾರದಾದರೂ ಹೆಸರಿನ ಹಿಂದೆ ಲೇಟ್, ಶ್ರೀ, ಶ್ರೀಮತಿ ಏನಾದರೂ ಅಂಟಿಕೊಂಡಿದೆಯೇ? ಇದ್ದರೆ ನವೀಕರಣದ ಸಮಯ ಬಂದಾಗ ಸರಿಮಾಡಿಸಿಕೊಳ್ಳಿ, ಅವಸರ ಬಿದ್ದಾಗ ಅಲ್ಲ. ಹೊಸದಾಗಿ ಫಾರಂ ತುಂಬುವಾಗ ಹೆಸರಿನ ಕಾಲಂನಲ್ಲಿ ಹೆಸರು ಮಾತ್ರ. ಬದುಕಿದ್ದಾರೋ ಇಲ್ಲವೋ ಎಂದು ಬೇರೆ ಕಾಲಂನಲ್ಲಿ ಕೇಳಿದ್ದರೆ ಅಲ್ಲಿ 'ಡಿಸೀಸ್ಡ್' ಎಂದು ಬರೆಯಿರಿ. ಗೌರವ ತೋರಿಸಲು ಫಾರಂ ತಕ್ಕ ಜಾಗವಲ್ಲ.

ಮತ್ತೆ ವ್ಯಾಕರಣಕ್ಕೆ. ಯಾರಿಗೆ 'ದ ಲೇಟ್' ಹಾಕಬೇಕು? ಈಚಿನ ಕಾಲದಲ್ಲಿ ತೀರಿಕೊಂಡವರಿಗೆ, ಓದುವವರಿಗೆ ಆ ವಿಷಯ ನೆನಪಿಸಬೇಕಾದಾಗ. "ಕರ್ನಾಟಕ ರತ್ನ ವಾಸ್ ಕನ್ಫರ್ಡ್ ಆನ್ ದ ಲೇಟ್ ಪುನೀತ್ ರಾಜ್‌ಕುಮಾರ್ ಇನ್ 2022" ಸರಿಯಾದ ವಾಕ್ಯ. ಅವರು ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು, ಪ್ರಶಸ್ತಿ ಕೊಟ್ಟದ್ದು ಮರುವರ್ಷದ ರಾಜ್ಯೋತ್ಸವಕ್ಕೆ. ಅದೇ "ದ ಲೇಟ್ ಪುಲಕೇಶಿ" ಅಂದರೆ ನಗು ಬರುತ್ತದೆ. ಸಾವಿರದ ಮುನ್ನೂರು ವರ್ಷ ದಾಟಿದ ಮೇಲೆ ಅದನ್ನು ಯಾರಿಗೂ ನೆನಪಿಸಬೇಕಾಗಿಲ್ಲ. ಇನ್ನು ಬದುಕಿದ್ದಾಗ ಮಾಡಿದ ಕೆಲಸವನ್ನು ಹೇಳುವಾಗಲೂ ಎಚ್ಚರವಿರಲಿ. "ದ ಲೇಟ್ ಪುನೀತ್ ಆ್ಯಕ್ಟೆಡ್ ಇನ್ ಅಪ್ಪು ಇನ್ 2002" ಎಂದರೆ ತೀರಿಹೋದ ಮೇಲೆ ನಟಿಸಿದ ಹಾಗೆ ಕೇಳಿಸುತ್ತದೆ. ಅಲ್ಲಿ ಬರೀ ಪುನೀತ್ ಸಾಕು.

'ಫಾರ್ಮರ್' ಮತ್ತು 'ಲೇಟ್' ಬೇರೆ ಬೇರೆ. ಅಬ್ದುಲ್ ಕಲಾಂ 2007ರಲ್ಲಿ ರಾಷ್ಟ್ರಪತಿ ಹುದ್ದೆಯಿಂದ ಇಳಿದ ದಿನದಿಂದ ಫಾರ್ಮರ್ ಪ್ರೆಸಿಡೆಂಟ್. 2015ರ ಜುಲೈ 27ರ ನಂತರ ಮಾತ್ರ ಅವರ ಹೆಸರಿಗೆ 'ಲೇಟ್' ಸೇರಿತು. ಮಕ್ಕಳ ಪ್ರಬಂಧದಲ್ಲಿ ಮಾಜಿ ಎನ್ನುವುದಕ್ಕೆ 'ಲೇಟ್' ಹಾಕಿ ಬದುಕಿರುವವರನ್ನು ಕಳಿಸಿಬಿಡದ ಹಾಗೆ ನೋಡಿಕೊಳ್ಳಿ!

ಇನ್ನೊಂದು ತಪ್ಪು ಕನ್ನಡದ 'ಆಗಿ' ಪ್ರತ್ಯಯದಿಂದ ಹುಟ್ಟುತ್ತದೆ. ನಮಗೆ ನಿಧಾನ - ನಿಧಾನವಾಗಿ, ಚಂದ - ಚಂದವಾಗಿ. ಇಂಗ್ಲಿಷಿನಲ್ಲಿ ಸ್ಲೋ - ಸ್ಲೋಲಿ, ನೈಸ್ - ನೈಸ್ಲಿ. ಹಾಗಾದರೆ ಲೇಟಾಗಿ ಎನ್ನುವುದಕ್ಕೆ 'ಲೇಟ್ಲಿ' ಇರಬೇಕಲ್ಲ? ಇಲ್ಲ. "ಹೀ ಕೇಮ್ ಲೇಟ್" ಎನ್ನುವುದೇ ಸರಿ, ಅಲ್ಲಿ ಅದೇ ಪದ ಕ್ರಿಯಾವಿಶೇಷಣದ ಕೆಲಸವನ್ನೂ ಮಾಡುತ್ತದೆ. 'ಲೇಟ್ಲಿ' ಅಂದರೆ ಇತ್ತೀಚೆಗೆ. "ಐ ಹ್ಯಾವ್ ಬೀನ್ ಬ್ಯುಸಿ ಲೇಟ್ಲಿ" - ಇತ್ತೀಚೆಗೆ ಬಿಡುವಿಲ್ಲ. ಹಾರ್ಡ್ - ಹಾರ್ಡ್ಲಿ ಕೂಡ ಇದೇ ಜಾತಿ. "ಹೀ ಹಾರ್ಡ್ಲಿ ವರ್ಕ್ಸ್" ಎಂದು ಹೊಗಳಿ ಬರೆದ ಶಿಫಾರಸು ಪತ್ರ ಏನಾಗಬಹುದು ಯೋಚಿಸಿ.

ಆಫೀಸಿನವರಿಗೆ ಒಂದೆರಡು ಚಿಕ್ಕವು. "ಐ ಆ್ಯಮ್ ಗೆಟ್ಟಿಂಗ್ ಲೇಟ್" ಬೇಡ, "ಐ ಆ್ಯಮ್ ರನ್ನಿಂಗ್ ಲೇಟ್" ಅನ್ನಿ. "ಇಟ್ ಈಸ್ ಗೆಟ್ಟಿಂಗ್ ಲೇಟ್" ಅಂದರೆ ಹೊತ್ತಾಗುತ್ತಿದೆ, ಅದು ಸರಿ. "ಲೇಟೆಸ್ಟ್ ಬೈ ಥರ್ಸ್‌ಡೇ" ನಮ್ಮ ದೇಶದ ಕಟ್ಟು, ಹೊರಗೆ "ಬೈ ಥರ್ಸ್‌ಡೇ ಅಟ್ ದ ಲೇಟೆಸ್ಟ್" ಎನ್ನುತ್ತಾರೆ. "ಲೇಟ್ ಬೈ ಟೆನ್ ಮಿನಿಟ್ಸ್" ಬದಲು "ಟೆನ್ ಮಿನಿಟ್ಸ್ ಲೇಟ್" ಹಗುರ. 'ಲೇಟ್ ಮಾಡಬೇಡ' ಎನ್ನುವುದನ್ನು "ಡೋಂಟ್ ಮೇಕ್ ಲೇಟ್" ಎಂದು ಮಾಡದೆ "ಡೋಂಟ್ ಬಿ ಲೇಟ್" ಅಂದರಾಯಿತು. "ಐ ಸ್ಲೆಪ್ಟ್ ಲೇಟ್" ಎಂದು ನಾವು ಹೇಳುವುದು ತಡವಾಗಿ ಮಲಗಿದೆ ಎಂಬ ಅರ್ಥದಲ್ಲಿ, ಕೇಳುವವರಿಗೆ ಅರ್ಥವಾಗುವುದು ತಡವಾಗಿ ಎದ್ದೆ ಎಂದು. ಮಲಗಿದ್ದು ತಡವಾದರೆ "ಐ ವೆಂಟ್ ಟು ಬೆಡ್ ಲೇಟ್". ಬಾಸ್ ಎದುರು ಈ ವ್ಯತ್ಯಾಸ ಮುಖ್ಯ!

ಮಕ್ಕಳಿಗೆ ಐದು ವಾಕ್ಯ ಕೊಡುತ್ತೇನೆ. ಇಂಗ್ಲಿಷಿಗೆ ತಿರುಗಿಸಿ, ಶುಕ್ರವಾರ ಸಂಜೆ ಪಾರ್ಕಿಗೆ ಬಂದಾಗ ತೋರಿಸಿ. (ನಾವು ಇನ್ನೂ ಮುಂತಜಾ ಪಾರ್ಕು ಅಂತಲೇ ಕರೆಯುವ ರೌದತ್ ಅಲ್ ಖೈಲ್ ಪಾರ್ಕು. 'ಮುಂತಜಾ' ಅಂದರೇ ಅರಬ್ಬಿಯಲ್ಲಿ ವಿಹಾರದ ತೋಟ, ಹಾಗಾಗಿ ನಾವು ಹೇಳುವುದು 'ತೋಟದ ತೋಟ' ಅಂದ ಹಾಗೆ.)

ನಮ್ಮ ಶಾಲೆಯ ಬಸ್ಸು ಇವತ್ತು ಹದಿನೈದು ನಿಮಿಷ ತಡ.
ತೀರಿಕೊಂಡ ನಮ್ಮ ತಾತ ರೈತರಾಗಿದ್ದರು.
ಇತ್ತೀಚೆಗೆ ದೋಹಾದಲ್ಲಿ ತುಂಬಾ ಸೆಕೆ.
ಅವರು ಸರಿರಾತ್ರಿಯ ವಿಮಾನದಲ್ಲಿ ಊರಿಗೆ ಹೋದರು.
ಅಜ್ಜಿ ತಡವಾಗಿ ಬಂದರು, ಆದರೆ ಬಂದರು.

ಕೊನೆಯ ವಾಕ್ಯದಲ್ಲಿ 'ಲೇಟ್' ಅನ್ನು 'ಗ್ರ್ಯಾಂಡ್‌ಮದರ್' ಹಿಂದೆ ಇಟ್ಟವರಿಗೆ ಸೊನ್ನೆ ಅಂಕ. ನಮ್ಮ ಮನೆಯ ಅಜ್ಜಿ ಈಗ ಎರಡನೇ ಸಲ ಬಂದಿದ್ದಾರೆ, ಶುಕ್ರವಾರ ಪಾರ್ಕಿಗೆ ಅವರೂ ಬರುತ್ತಾರೆ, ಕೋಡುಬಳೆ ತರುತ್ತಾರೆ.